ಅಂಕಪಟ್ಟಿಯಲ್ಲಿ ಕಾಣದ ವೈದ್ಯಗುಣ

ವೈದ್ಯಪದವೀಧರರ ಅಂಕಪಟ್ಟಿಯನ್ನು ನೋಡಿದರೆ ಅವರಿಗೆ ದೇಹರಚನೆ ಎಷ್ಟು ತಿಳಿದಿದೆ, ಔಷಧಗಳ ಗುಣ ಎಷ್ಟು ತಿಳಿದಿದೆ ಎಂಬುದು ಗೊತ್ತಾಗುತ್ತದೆ. ಆದರೆ ರೋಗಿಯ ಮಾತನ್ನು ತಾಳ್ಮೆಯಿಂದ ಕೇಳಬಲ್ಲರೆ, ತಿಳಿಯುವಂತೆ ಹೇಳಬಲ್ಲರೆ, ದಾದಿಯರೊಡನೆ ಹೊಂದಿಕೊಂಡು ದುಡಿಯಬಲ್ಲರೆ ಎಂಬುದು ಅಲ್ಲಿ ಕಾಣುವುದಿಲ್ಲ. ಇವು ಹುಟ್ಟುಗುಣಗಳು, ಅಳತೆಗೆ ಸಿಕ್ಕತಕ್ಕವಲ್ಲ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ.

ಈ ಭಾವನೆ ಪೂರ್ತಿ ಸರಿಯಲ್ಲ. ಅಮೆರಿಕದ ನರರೋಗತಜ್ಞ ಹೊವರ್ಡ್ ಬ್ಯಾರೋಸ್ ಅವರು ೧೯೬೩ರಲ್ಲಿಯೇ ಆರೋಗ್ಯವಂತರಿಗೆ ರೋಗಿಯ ಪಾತ್ರವನ್ನು ಕಲಿಸಿ ವಿದ್ಯಾರ್ಥಿಗಳೆದುರು ಕುಳ್ಳಿರಿಸಿದರು. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾನಿಲಯದ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ೧೯೭೫ರಲ್ಲಿ ಹೊಸದೊಂದು ಪರೀಕ್ಷಾಕ್ರಮವನ್ನು ಪ್ರಕಟಿಸಿದರು. ಅದರಲ್ಲಿ ವಿದ್ಯಾರ್ಥಿಯು ನಿಗದಿಯಾದ ಕೆಲವೇ ನಿಮಿಷಗಳಿಗೊಮ್ಮೆ ಒಂದು ಠಾಣೆಯಿಂದ ಇನ್ನೊಂದಕ್ಕೆ ಸಾಗುತ್ತಾನೆ. ಒಂದೆಡೆ ನಾಡಿ ನೋಡಬೇಕು, ಇನ್ನೊಂದೆಡೆ ರೋಗಿಯನ್ನು ವಿಚಾರಿಸಬೇಕು. ಪರೀಕ್ಷಕರ ಕೈಯಲ್ಲಿ ಎಲ್ಲರಿಗೂ ಒಂದೇ ಪಟ್ಟಿ. ಕೇಳಬೇಕಾದುದನ್ನು ಕೇಳಿದನೆ, ಹೇಳಿದ್ದು ರೋಗಿಗೆ ಅರ್ಥವಾಯಿತೆಂದು ಖಚಿತಪಡಿಸಿಕೊಂಡನೆ ಎಂದು ಗುರುತು ಹಾಕುತ್ತಾರೆ.

ನಮ್ಮ ದೇಶದಲ್ಲಿಯೂ ೨೦೧೯ರಿಂದ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮವು ನಡತೆ, ನೀತಿ, ಸಂವಹನಗಳನ್ನು ಬೋಧನೆಯ ಅಂಗವಾಗಿಸಿದೆ. ಆರಂಭದ ತರಬೇತಿಯಲ್ಲಿ ಸ್ಥಳೀಯ ಭಾಷೆಯ ಪರಿಚಯವೂ ಸೇರಿದೆ. ಇದು ಸಂತೋಷದ ಸಂಗತಿ.

ಗಡಿನಾಡಿನವರಾದ ನಮಗೆ ಇಲ್ಲೊಂದು ಪ್ರಶ್ನೆ ಏಳುತ್ತದೆ. ಸ್ಥಳೀಯ ಭಾಷೆಯೆಂದರೆ ಯಾವುದು? ಕಾಸರಗೋಡಿನಲ್ಲಿ ಮಲಯಾಳ, ಸೊಲ್ಲಾಪುರದಲ್ಲಿ ಮರಾಠಿ ಎಂದರೆ ತಪ್ಪೇನಿಲ್ಲ. ಆ ಭಾಷೆಗಳನ್ನು ನಾವೂ ಆದರದಿಂದ ಕಲಿತಿದ್ದೇವೆ. ಆದರೆ ನೋವು ಬಂದಾಗ ಮುದುಕರ ಬಾಯಿಗೆ ಬರುವುದು ತಾಯಿನುಡಿ. ನಮ್ಮ ಅಜ್ಜಿ “ಬಹಳ ಸಂಕಟವಾಗುತ್ತಿದೆ” ಎಂದರೆ ಅದು ದೇಹದ ಯಾತನೆ. ಮಲಯಾಳದಲ್ಲಿ ಅದೇ ‘ಸಂಕಟ’ಕ್ಕೆ ಮನಸ್ಸಿನ ದುಃಖವೆಂದು ಅರ್ಥ. ಬುದ್ಧಿವಂತ ವೈದ್ಯರೂ ಇಲ್ಲಿ ದಾರಿ ತಪ್ಪಿಯಾರು. ಅಜ್ಜಿಯೋ, ಅವರು ಹೇಳಿದ್ದು ತಿಳಿಯದಿದ್ದರೂ ಮರ್ಯಾದೆಗಾಗಿ ತಲೆಯಾಡಿಸಿ ಬರುತ್ತಾಳೆ.

ಜಾರ್ಜ್ ಮಿಲ್ಲರ್ ಎಂಬ ಶಿಕ್ಷಣತಜ್ಞರು ೧೯೯೦ರಲ್ಲಿ ತಿಳಿಯುವುದು, ಹೇಗೆಂದು ತಿಳಿಯುವುದು, ಮಾಡಿ ತೋರಿಸುವುದು, ನಿತ್ಯದಲ್ಲಿ ಮಾಡುವುದು ಎಂದು ನಾಲ್ಕು ಮೆಟ್ಟಿಲುಗಳನ್ನು ಹೇಳಿದರು. ಪರೀಕ್ಷೆಯಲ್ಲಿ ಸಿಗುವುದು ಮೂರನೆಯದು. ನಾಲ್ಕನೆಯದನ್ನು ಬಲ್ಲವರು ದಿನವೂ ವೈದ್ಯರೆದುರು ಕೂರುವ ರೋಗಿಗಳು. ಆದುದರಿಂದ ಕನ್ನಡ ರೋಗಿಗಳು ಬರುವ ಕಡೆಗಳಲ್ಲೆಲ್ಲ ಪರೀಕ್ಷೆಯ ಒಂದು ಠಾಣೆಯಲ್ಲಾದರೂ ಕನ್ನಡವನ್ನಾಡುವ ರೋಗಿ ಇರಲಿ ಎಂದು ಕೇಳುವುದು ಹಟವಲ್ಲ, ಚಿಕಿತ್ಸೆಯ ಅಗತ್ಯ.

ಅಷ್ಟರವರೆಗೆ ನಮ್ಮ ಕರ್ತವ್ಯವೂ ಇದೆ. ಮದ್ದಿನ ಕ್ರಮವನ್ನು ವೈದ್ಯರೆದುರಿಗೇ ಮರಳಿ ಹೇಳಿ ಒಪ್ಪಿಸೋಣ. ಒಳ್ಳೆಯ ವೈದ್ಯರು ಅದಕ್ಕೆ ಬೇಸರಿಸುವುದಿಲ್ಲ. ವೈದ್ಯವಿದ್ಯೆ ಕಲಿಯುತ್ತಿರುವ ನಮ್ಮ ಮಕ್ಕಳು ರಜೆಗೆ ಬಂದಾಗ, ಅಂಕವೆಷ್ಟೆಂದು ಕೇಳುವುದರ ಜೊತೆಗೆ, ಅಜ್ಜಿಯ ಬಳಿ ಅರ್ಧ ಗಂಟೆ ಕೂತು ಅವಳ ಮೈಯ ಅಳಲನ್ನು ಕೇಳೆಂದು ಹೇಳೋಣ.