ಮೂಳೆಯ ತೇಪೆಯೂ ಮೂಕಪ್ರಾಣಿಯೂ

ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡಗಳನ್ನು ಓದುವ ವಿದ್ಯಾರ್ಥಿಯೊಬ್ಬನು ಮೂಳೆಯ ವಿಷಯವಾಗಿ ಲೇಖನ ಬರೆಯಹೊರಟರೆ ವಿಜ್ಞಾನ ಓದುವ ಮಿತ್ರರು ನಗಬಹುದು. ನಗಲಿ. ನನಗೆ ಈ ವಿಷಯದ ಗೊಡವೆ ಹತ್ತಿಕೊಂಡದ್ದು ಗ್ರಂಥಾಲಯದಲ್ಲಲ್ಲ, ಆಸ್ಪತ್ರೆಯ ಜಗಲಿಯ ಮೇಲೆ.

ನಮ್ಮದು ಕುರಿ ಸಾಕುವ ಮನೆ. ಮೂರು ವರ್ಷಗಳ ಹಿಂದೆ ಒಂದು ರಾತ್ರಿ ಮಂದೆಯನ್ನು ರಸ್ತೆ ದಾಟಿಸುತ್ತಿದ್ದ ನಮ್ಮ ತಂದೆಯವರಿಗೆ ಲಾರಿಯೊಂದು ತಾಗಿ, ಮೊಣಕಾಲಿನ ಕೆಳಗಿನ ಎಲುಬು ಮುರಿದು, ಅದರ ಒಂದು ಚೂರು ಹೋಗಿಯೇಬಿಟ್ಟಿತು. ಸಲಾಕೆ ಹಾಕಿ ಐದು ತಿಂಗಳಾದರೂ ಮೂಳೆ ಕೂಡಲಿಲ್ಲ. ಕಡೆಗೆ ವೈದ್ಯರು ಸೊಂಟದ ಮೂಳೆಯಿಂದ ಸ್ವಲ್ಪ ಕೆರೆದು ತೆಗೆದು, ಅದು ಸಾಲದಾದ್ದರಿಂದ ನನ್ನಿಂದಲೇ ಅಂಗಡಿಯಿಂದ ತರಿಸಿದ ಬಿಳಿಯ ಹರಳುಗಳನ್ನು ಬೆರೆಸಿ ಸಂದಿಗೆ ತುಂಬಿದರು. ನೋಡಲು ನೆನೆಯದ ಸಬ್ಬಕ್ಕಿಯಂತೆ. ಪಿಂಗಾಣಿಯ ಜಾತಿಯದಂತೆ. ಅಜ್ಜಿ ಗಾಬರಿಯಾದುದನ್ನು ಕಂಡು ಕಿರಿಯ ವೈದ್ಯರೊಬ್ಬರು, "ಹೆದರಬೇಡಿ ಅಮ್ಮಾ, ಇಂಥದ್ದನ್ನು ಮೊದಲು ಕುರಿಗಳ ಕಾಲಿಗೆ ಹಾಕಿ ನೋಡಿರುತ್ತಾರೆ" ಎಂದರು. ಅಜ್ಜಿ ಕೇಳಿದ್ದು ಒಂದೇ ಮಾತು: "ಆ ಕುರಿ ಏನಾಯಿತು?"

ವೈದ್ಯರು ನಕ್ಕು ಮುಂದೆ ಹೋದರು. ಆ ಪ್ರಶ್ನೆಗೆ ಉತ್ತರವನ್ನು ನಾನು ಆಮೇಲೆ ಓದಿ ತಿಳಿದೆನು. ಗೊತ್ತುಮಾಡಿದ ವಾರಗಳು ತುಂಬಿದ ಮೇಲೆ ಆ ಕುರಿಯನ್ನು ಕೊಲ್ಲುತ್ತಾರೆ. ಎಲುಬನ್ನು ತೆಗೆದು, ಕಾಗದಕ್ಕಿಂತ ತೆಳುವಾಗಿ ಸೀಳಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಹರಳಿನ ಸುತ್ತ ಹೊಸ ಮೂಳೆ ಎಷ್ಟು ಬೆಳೆದಿದೆ, ಹರಳು ಎಷ್ಟು ಕರಗಿದೆ ಎಂದು ಅಳೆಯುತ್ತಾರೆ. ಇದನ್ನು ಮರೆಮಾಚಿ ವಿಜ್ಞಾನವನ್ನು ಹೊಗಳುವುದು ನನ್ನಿಂದಾಗದು. ಇದೊಂದನ್ನೇ ಹಿಡಿದು ವಿಜ್ಞಾನವನ್ನು ಶಪಿಸುವುದೂ, ತಂದೆಯ ಕಾಲನ್ನು ನೋಡಿದ ಮೇಲೆ, ಆಗದು.

ಮೂಳೆಯ ಗಟ್ಟಿ ಭಾಗವೆಲ್ಲ ಬಹುತೇಕ ಸುಣ್ಣ ಮತ್ತು ರಂಜಕ ಕೂಡಿದ ಒಂದು ಖನಿಜ. ಆದಕಾರಣ ಅಂಥ ಖನಿಜವನ್ನೇ ತಯಾರಿಸಿ ಸಂದಿಗೆ ತುಂಬಿದರೆ ಹೇಗೆ ಎಂಬ ಯೋಚನೆ ಹೊಸದಲ್ಲ. ಜರ್ಮನಿಯ ಡ್ರೀಸ್‌ಮನ್ ಎಂಬ ವೈದ್ಯನು ೧೮೯೨ರಲ್ಲಿಯೇ ಮೂಳೆಯ ಗುಳಿಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿದ ವರದಿ ಮಾಡಿದನು. ೧೯೨೦ರಲ್ಲಿ ಅಮೆರಿಕದ ಆಲ್ಬಿ ಮತ್ತು ಮಾರಿಸನ್ ಮೊಲಗಳ ಎಲುಬಿನ ಸಂದಿಗೆ ಕ್ಯಾಲ್ಸಿಯಂ ಫಾಸ್ಫೇಟ್ ಹಾಕಿ ನೋಡಿದಾಗ, ಸರಾಸರಿ ೪೧ ದಿನ ಹಿಡಿಯುತ್ತಿದ್ದ ಕೂಡಿಕೆ ೩೧ ದಿನಕ್ಕೇ ಆಯಿತು.

ಆದರೆ ನನ್ನ ಮನಸ್ಸನ್ನು ಸೆಳೆದದ್ದು ಲ್ಯಾರಿ ಹೆಂಚ್ ಎಂಬವರ ಕಥೆ. ೧೯೬೭ರಲ್ಲಿ ಒಂದು ಸಮ್ಮೇಳನಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದಾಗ ಅವರ ಪಕ್ಕದಲ್ಲಿ ಕುಳಿತವನು ವಿಯೆಟ್ನಾಂ ಯುದ್ಧದಿಂದ ಬಂದ ಸೇನಾಧಿಕಾರಿ. ಕೈಕಾಲು ಕಳೆದುಕೊಂಡ ಸೈನಿಕರ ಪಾಡನ್ನು ಕಂಡಿದ್ದ ಆತ, ದೇಹವು ಹೊರಗೆ ತಳ್ಳದಂಥ ವಸ್ತುವೊಂದನ್ನು ನೀವೇಕೆ ಮಾಡಬಾರದು ಎಂದು ಕೇಳಿದನಂತೆ. ಗಾಜಿನ ಶಾಸ್ತ್ರ ಬಲ್ಲ ಹೆಂಚ್ ಫ್ಲಾರಿಡಾ ವಿಶ್ವವಿದ್ಯಾನಿಲಯದಲ್ಲಿ, ನೂರಕ್ಕೆ ೪೫ ಭಾಗ ಸಿಲಿಕಾ ಇರುವ ಒಂದು ಗಾಜನ್ನು ಕರಗಿಸಿ ಎರಕಹೊಯ್ದರು. ೧೯೬೯ರಲ್ಲಿ ಅದನ್ನು ಇಲಿಗಳ ತೊಡೆಯೆಲುಬಿನಲ್ಲಿ ಇಡಲಾಯಿತು. ಆರು ವಾರಗಳ ಮೇಲೆ ಶಸ್ತ್ರವೈದ್ಯರು ತೆಗೆಯಲು ಹೋದರೆ ಗಾಜು ಬರಲೊಲ್ಲದು! ಎಳೆದರೂ ತಳ್ಳಿದರೂ ಎಲುಬಿಗೆ ಅಂಟಿಕೊಂಡಿತ್ತು. ಇಂದಿನ ಎಷ್ಟೋ ಮೂಳೆತೇಪೆಗಳ ವಂಶವೃಕ್ಷ ಆ ಇಲಿಗಳ ಕಾಲಿನಿಂದ ಹೊರಡುತ್ತದೆ. ಹೆಂಚ್ ಅವರ ಹೆಸರು ಪುಸ್ತಕಗಳಲ್ಲಿದೆ, ಇಲಿಗಳಿಗೆ ಹೆಸರೆಲ್ಲಿಯದು?

ಪ್ರಾಣಿಯೇ ಏಕೆ, ಗಾಜಿನ ಬಟ್ಟಲಿನಲ್ಲಿ ಜೀವಕೋಶಗಳನ್ನು ಬೆಳೆಸಿ ನೋಡಬಾರದೇ ಎಂದು ಕೇಳುವವರಿದ್ದಾರೆ. ನೋಡಬೇಕು, ನೋಡುತ್ತಾರೆ, ವಿಷವಾದ ವಸ್ತುವನ್ನು ಅಲ್ಲಿಯೇ ತಳ್ಳಿಹಾಕಬಹುದು. ಆದರೆ ಬಟ್ಟಲಿನಲ್ಲಿ ರಕ್ತ ಹರಿಯುವುದಿಲ್ಲ, ದೇಹದ ಭಾರ ಬೀಳುವುದಿಲ್ಲ. ಹರಳಿನೊಳಗೆ ರಕ್ತನಾಳ ನುಗ್ಗಬೇಕು; ಅದಕ್ಕೆ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟಾದರೂ ಅಗಲದ ರಂಧ್ರಗಳು ಬೇಕು. ಒಂದು ಬಗೆಯ ಜೀವಕೋಶ ಹರಳನ್ನು ಕೊರೆಯಬೇಕು, ಇನ್ನೊಂದು ಬಗೆಯದು ಹಿಂದೆಯೇ ಬಂದು ಮೂಳೆ ಕಟ್ಟಬೇಕು. ಹರಳು ಬೇಗ ಕರಗಿದರೆ ಸಂದಿ ಟೊಳ್ಳು. ಕರಗದೆ ನಿಂತರೆ ವರ್ಷಗಟ್ಟಲೆ ಕಲ್ಲಿನಂತೆ ಕೂತಿರುತ್ತದೆ. ಈ ಲೆಕ್ಕಾಚಾರ ಜೀವವಿರುವ ಎಲುಬಿನಲ್ಲಲ್ಲದೆ ಬೇರೆಲ್ಲಿಯೂ ಇಂದಿಗೂ ಪೂರ್ತಿಯಾಗಿ ನಡೆಯುತ್ತಿಲ್ಲ.

ಎಲ್ಲಕ್ಕಿಂತ ಒಪ್ಪಲು ಕಷ್ಟವಾದದ್ದು ಇನ್ನೊಂದುಂಟು. ಇಲಿಯ ನೆತ್ತಿಯಲ್ಲಿ ೮ ಮಿಲಿಮೀಟರು ಅಗಲದ ರಂಧ್ರ ಮಾಡಿದರೆ ಅದು ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಮೊಲದ ಮುಂಗಾಲಿನಲ್ಲಿ ಇದಕ್ಕಾಗಿ ಸುಮಾರು ೧೫ ಮಿಲಿಮೀಟರು ತೆಗೆಯುತ್ತಾರೆ. ಕೆಲವು ಪ್ರಾಣಿಗಳಿಗೆ ಹರಳು ತುಂಬಿ, ಕೆಲವಕ್ಕೆ ಏನನ್ನೂ ತುಂಬದೆ ಬಿಡುತ್ತಾರೆ. ಆ ಖಾಲಿ ಸಂದಿಯ ಪ್ರಾಣಿಗೆ ಯಾವ ಉಪಕಾರವೂ ಇಲ್ಲ, ಆಸೆಯೂ ಇಲ್ಲ. ಆದರೆ ಅದಿಲ್ಲದಿದ್ದರೆ, ವಾಸಿಮಾಡಿದ್ದು ಹರಳೋ ಪ್ರಕೃತಿಯೋ ಎಂದು ಹೇಳುವುದು ಹೇಗೆ? ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ ಎಂದರೆ ಅತಿಶಯೋಕ್ತಿಯಲ್ಲ.

"ಜಾತ್ರೆಯಲ್ಲಿ ಕುರಿ ಕಡಿದು ತಿನ್ನುವವರು ನೀವು, ನಿಮಗೇಕೆ ಈ ಕನಿಕರ?" ಎಂದು ಹಾಸ್ಟೆಲಿನ ಮಿತ್ರನೊಬ್ಬನು ಚುಚ್ಚಿದನು. ಮಾತು ನಿಜವೇ. ಆದರೆ ಅದರಿಂದ ಏನು ಸಿದ್ಧವಾಯಿತು? ಕಡಿಯುವುದು ಒಂದು ಕ್ಷಣದ ಕೆಲಸ. ಪ್ರಯೋಗದ ಕುರಿಯು ತಿಂಗಳುಗಟ್ಟಲೆ ಆ ಕಾಲಿನ ಮೇಲೆಯೇ ನಿಲ್ಲಬೇಕು. ನೋವಿನ ಹೊಣೆ ಅಲ್ಲಿ ಹೆಚ್ಚೇ ಹೊರತು ಕಡಿಮೆಯಲ್ಲ.

ಕಾನೂನು ಇಲ್ಲವೆಂದಲ್ಲ. ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಎತ್ತಿದ ದನಿಯ ಫಲವಾಗಿ ೧೯೬೦ರಲ್ಲಿ ಪ್ರಾಣಿಹಿಂಸೆಯನ್ನು ತಡೆಯುವ ಕಾಯಿದೆಯಾಯಿತು. ಪ್ರಯೋಗಗಳನ್ನು ನೋಡಿಕೊಳ್ಳಲು ಸರಕಾರದ ಸಮಿತಿ ಇದೆ; ಪ್ರತಿಯೊಂದು ಸಂಸ್ಥೆಯಲ್ಲೂ ಒಂದು ನೈತಿಕ ಸಮಿತಿ ಇರಬೇಕು. ೧೯೫೯ರಲ್ಲಿ ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಹೇಳಿದ ಸೂತ್ರ, ಅಂದರೆ ಆದಷ್ಟು ಪ್ರಾಣಿಯ ಬದಲು ಬೇರೆ ದಾರಿ, ಆದಷ್ಟು ಕಡಿಮೆ ಪ್ರಾಣಿಗಳು, ಆದಷ್ಟು ಕಡಿಮೆ ನೋವು, ಈಗ ಲೋಕಕ್ಕೆಲ್ಲ ಗೊತ್ತು. ನಮ್ಮ ನೆರೆಯ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಆಡುಗಳ ತೊಡೆಯೆಲುಬಿನಲ್ಲಿ ಇಂಥ ಹರಳನ್ನು ಪರೀಕ್ಷಿಸಿದ್ದಾರೆ. ದೇಶದಲ್ಲಿಯೇ ತಯಾರಾದರೆ ಬಡವನ ಕೈಗೆಟಕುವ ಬೆಲೆಗೆ ಸಿಕ್ಕೀತು. ಸಣ್ಣದೊಂದು ಸೀಸೆಗಾಗಿ ಎರಡು ಟಗರು ಮಾರಿದವನಿಗೆ ಇದರ ಬೆಲೆ ಗೊತ್ತು.

ಹೀಗಿರಲು ನನ್ನ ಆಕ್ಷೇಪವು ಪರೀಕ್ಷೆಯ ಮೇಲಲ್ಲ, ವ್ಯರ್ಥ ಪರೀಕ್ಷೆಯ ಮೇಲೆ. ಒಂದು ಪ್ರಾಣಿಯಲ್ಲಿ ಫಲಿಸಿದ್ದು ಇನ್ನೊಂದರಲ್ಲಿ ಫಲಿಸಬೇಕೆಂದಿಲ್ಲ. ೧೯೯೬ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಒಂದೇ ಬಗೆಯ ರಂಧ್ರಮಯ ಹರಳನ್ನು ಹಲವು ಪ್ರಾಣಿಗಳ ಮಾಂಸದಲ್ಲಿಟ್ಟರು. ನಾಯಿ, ಹಂದಿಗಳಲ್ಲಿ ಅಲ್ಲಿಯೇ ಮೂಳೆ ಹುಟ್ಟಿತು, ಮೊಲ, ಇಲಿಗಳಲ್ಲಿ ಹುಟ್ಟಲಿಲ್ಲ. ಇಷ್ಟು ಗೊತ್ತಿದ್ದ ಮೇಲೂ, ಮುಂಚೆಯೇ ತಿಳಿದುಹೋದ ಹರಳಿಗೆ ಹೆಸರು ಬದಲಿಸಿ, ಒಂದು ಪದವಿಯ ಸಲುವಾಗಿ ಮತ್ತಷ್ಟು ಮೊಲಗಳ ಎಲುಬು ಕೊರೆಯುವುದು ಯಾವ ನ್ಯಾಯ? ಫಲಿಸದ ಪ್ರಯೋಗವನ್ನು ಅಚ್ಚು ಹಾಕಿಸದೆ ಪೆಟ್ಟಿಗೆಯಲ್ಲಿಟ್ಟರೆ, ಮತ್ತೊಬ್ಬನು ಅದನ್ನೇ ಮಾಡುತ್ತಾನೆ. ಸೋತ ಪ್ರಯೋಗದ ವರದಿಯೂ ಪ್ರಕಟವಾಗದ ಹೊರತು ಮುಂದಿನ ಅನುಮತಿ ಕೊಡಕೂಡದೆಂಬ ನಿಯಮವಾಗಲಿ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಸಲಹೆಯುಂಟು. ಕುರಿಯು ನೋವನ್ನು ಹೊರಗೆ ತೋರಿಸುವ ಪ್ರಾಣಿಯಲ್ಲ. ಹಿಂದೆ ಬಿದ್ದರೆ ತೋಳ ಹಿಡಿಯುತ್ತದೆಂಬ ಭಯ ಅದರ ರಕ್ತದಲ್ಲಿಯೇ ಇದೆ. ಬಿದಿರುದಬ್ಬೆ ಕಟ್ಟಿ ಎಷ್ಟೋ ಕುರಿಗಳ ಕಾಲು ಕೂಡಿಸಿದ ನಮ್ಮ ತಾತನವರು ಅದರ ಮುಖ ನೋಡಿಯೇ ಹೇಳುತ್ತಿದ್ದರು: ಮೆಲುಕು ನಿಂತಿದೆ, ಹಲ್ಲು ಕಡಿಯುತ್ತಿದೆ, ಕಿವಿ ಜೋತಿದೆ, ಇದಕ್ಕೆ ನೋವಿದೆ. ಸಂಸ್ಥೆಗಳ ನೈತಿಕ ಸಮಿತಿಯಲ್ಲಿ ವಿಜ್ಞಾನಿಯಲ್ಲದ, ಸಮಾಜದ ಅರಿವುಳ್ಳ ಒಬ್ಬ ಸದಸ್ಯನಿಗೆ ಸ್ಥಾನವಿದೆಯಷ್ಟೆ. ಕುರಿಗಳ ಮೇಲೆ ಪ್ರಯೋಗ ನಡೆಯುವೆಡೆ ಆ ಕುರ್ಚಿಯಲ್ಲಿ ಒಬ್ಬ ಕುರಿಗಾಹಿಯನ್ನು ಏಕೆ ಕೂರಿಸಬಾರದು? ನೋವಿನ ಮದ್ದು ಸಾಲದಾದಾಗ ಮೊದಲು ಕಂಡುಹಿಡಿಯುವವನು ಅವನೇ.

ಈ ಮಾತನ್ನು ರಜೆಯಲ್ಲಿ ಊರಿಗೆ ಹೋದಾಗ ತಂದೆಯವರಿಗೆ ಹೇಳಿದೆನು. ಕೂಡಿದ ಕಾಲನ್ನು ಚಾಚಿಕೊಂಡು ಮಂದೆಯ ಬದಿಯಲ್ಲಿ ಕುಳಿತಿದ್ದ ಅವರು ಸ್ವಲ್ಪ ಹೊತ್ತು ಯೋಚಿಸಿ, ಬಸ್ ಚಾರ್ಜು ಅವರೇ ಕೊಡುತ್ತಾರೋ ಎಂದು ಕೇಳಿದರು.