ಋತುಬಂಧ: ಅಂಜಿಕೆಯೂ ಬೇಡ, ಆತುರವೂ ಬೇಡ

ನಲವತ್ತೈದು ದಾಟಿದ ಗೃಹಿಣಿಗೆ ನಡುರಾತ್ರಿ ಮೈ ಕಾದು ಬೆವರುತ್ತದೆ, ನಿದ್ದೆ ಹಾರುತ್ತದೆ. ಊರಿನಲ್ಲಾಗಿದ್ದರೆ ತಾಯಿಯೋ ಅಕ್ಕನೋ ಕಾರಣ ತಿಳಿಸುತ್ತಿದ್ದರು. ಮುಂಬಯಿಯ ಎರಡು ಕೋಣೆಗಳ ಮನೆಯಲ್ಲಿ ಅದಕ್ಕೆ 'ಸಿಡುಕು' ಎಂಬ ಹೆಸರು ಬೀಳುತ್ತದೆ.

ಋತುಬಂಧವು ರೋಗವಲ್ಲ, ಅಂಡಾಶಯಗಳಲ್ಲಿ ಈಸ್ಟ್ರೋಜನ್ ಉತ್ಪತ್ತಿ ಕುಗ್ಗುವುದರ ಫಲ. ಹಾಗೆಂದು ಎಲ್ಲವನ್ನೂ ಸಹಿಸಲೇಬೇಕೆಂಬ ನಿಯಮವಿಲ್ಲ. ಆ ಹಾರ್ಮೋನನ್ನು ಹೊರಗಿನಿಂದ ನೀಡುವ ಚಿಕಿತ್ಸೆಯು ಮೈಕಾವನ್ನು ತಗ್ಗಿಸಿ, ಎಲುಬುಗಳನ್ನೂ ಕಾಪಾಡುತ್ತದೆ. ಗರ್ಭಕೋಶವಿರುವವರಿಗೆ ಜೊತೆಯಲ್ಲಿ ಪ್ರೊಜೆಸ್ಟರಾನ್ ವರ್ಗದ ಔಷಧವೂ ಅಗತ್ಯ.

2002ರಲ್ಲಿ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಅಧ್ಯಯನವು ಇಂತಹ ಜೋಡಿ ಔಷಧದ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಿದಾಗ ಅಂಜಿಕೆ ಎಲ್ಲೆಡೆ ಹಬ್ಬಿತು. ವರ್ಷಕ್ಕೆ 10,000 ಸ್ತ್ರೀಯರಲ್ಲಿ ಸ್ತನ ಕ್ಯಾನ್ಸರ್ 8, ಪಾರ್ಶ್ವವಾಯು 8 ಹೆಚ್ಚಾಗಿದ್ದವು. ಸೊಂಟದ ಮೂಳೆಮುರಿತ 5 ಕಡಿಮೆಯಾಗಿತ್ತು. ಅವರ ಸರಾಸರಿ ವಯಸ್ಸು 63 ಎಂಬುದನ್ನು ಹಲವರು ಗಮನಿಸಲಿಲ್ಲ. ಅರುವತ್ತರೊಳಗೆ, ಅಥವಾ ಮುಟ್ಟು ನಿಂತ ಹತ್ತು ವರ್ಷಗಳೊಳಗೆ ಆರಂಭಿಸಿದರೆ, ತೊಂದರೆಪಡುವ ಆರೋಗ್ಯವಂತ ಸ್ತ್ರೀಯರಲ್ಲಿ ಬಹುಮಂದಿಗೆ ಲಾಭವೇ ಅಧಿಕವೆಂದು ಇಂದಿನ ತಜ್ಞರ ಅಭಿಪ್ರಾಯ. ಸ್ತನ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು, ರಕ್ತನಾಳದ ಹೆಪ್ಪು ಇವುಗಳನ್ನು ಕಂಡವರಿಗೆ ಸಾಮಾನ್ಯವಾಗಿ ಇದು ಸಲ್ಲದು.

ಹೀಗೆ ಜಮಾ-ಖರ್ಚಿನ ಲೆಕ್ಕ ಒಬ್ಬೊಬ್ಬರಿಗೂ ಬೇರೆ. ನೆರೆಮನೆಯವರ ಮಾತ್ರೆ ನೋಡಿ ಅದನ್ನು ಬರೆಯಲಾಗದು; ವೈದ್ಯರೆದುರು ಕುಳಿತು, ವರ್ಷವರ್ಷವೂ ತಾಳೆ ನೋಡಬೇಕು. ಮಕ್ಕಳ ಫೀಸು, ಮನೆಸಾಲದ ಕಂತುಗಳನ್ನು ಮರೆಯದ ಯಜಮಾನರು ಈ ಲೆಕ್ಕಕ್ಕೂ ಒಂದು ಸಂಜೆ ಬಿಡುವು ಮಾಡಿಕೊಂಡು ಪತ್ನಿಯೊಡನೆ ವೈದ್ಯರಲ್ಲಿಗೆ ಹೋಗಲಿ. ಊರಿನಲ್ಲುಳಿದ ತಾಯಿ, ಅಕ್ಕಂದಿರ ಸ್ಥಾನವನ್ನು ಪರಸ್ಥಳದಲ್ಲಿ ತುಂಬಬೇಕಾದವರು ಅವರೇ.