ಸಣ್ಣ ಕಾರಿಗೆ ಹೊಸ ಟಯರು

ಮಳೆಗಾಲಕ್ಕೆ ಮುನ್ನ ಆನವಟ್ಟಿಯ ಸೀಮೆಯ ಗೃಹಸ್ಥರು ಮನೆಯ ಹೆಂಚಿನಂತೆಯೇ ಕಾರಿನ ಟಯರುಗಳನ್ನೂ ಒಮ್ಮೆ ನೋಡಿಕೊಳ್ಳತಕ್ಕದ್ದು. ಶಿರಾಳಕೊಪ್ಪಕ್ಕಾಗಲಿ ಹಾನಗಲ್ಲಿಗಾಗಲಿ ಹೋಗುವಾಗ, ನೆನೆದ ತಿರುವಿನಲ್ಲಿ ಮಕ್ಕಳುಮರಿಗಳನ್ನು ಕಾಯುವುದು ನೆಲಕ್ಕೆ ತಾಗಿರುವ ಅಂಗೈಯಗಲದ ನಾಲ್ಕು ರಬ್ಬರಿನ ಪಟ್ಟಿಗಳು ಮಾತ್ರ.

ಅಗಲವಾದ ಟಯರು ನೆಲವನ್ನು ಬಿಗಿಯಾಗಿ ಹಿಡಿಯುವುದೆಂದು ಅನೇಕರು ನಂಬಿರುವರು. ಒಣನೆಲದಲ್ಲಿ ಇದು ಕೆಲಮಟ್ಟಿಗೆ ನಿಜವೇ. ಆದರೆ ನಿಂತ ನೀರಿನ ಮೇಲೆ ಅಗಲವಾದುದು ಬೇಗನೆ ತೇಲುವುದು. ಆದಕಾರಣ ಕಾರಿನ ತಯಾರಕರು ಸೂಚಿಸಿರುವ ಅಳತೆಯನ್ನೇ ಕೊಳ್ಳುವುದು ಕ್ಷೇಮ. 165/80 ಆರ್ 14 ಎಂದಿದ್ದರೆ ಅಗಲ 165 ಮಿಲಿಮೀಟರು, ಪಕ್ಕದ ಎತ್ತರ ಅದರಲ್ಲಿ ಶೇಕಡಾ 80, ಒಳಗಿನ ಚಕ್ರದ ವ್ಯಾಸ 14 ಅಂಗುಲ ಎಂದರ್ಥ. ‘ಆರ್’ ಎಂಬುದು ರೇಡಿಯಲ್ ಜಾತಿಯ ಗುರುತು.

ಅಗ್ಗವೆಂದು ಬಹುಕಾಲ ಅಂಗಡಿಯಲ್ಲಿ ಬಿದ್ದಿದ್ದ ಸರಕನ್ನು ತರಬಾರದು. ಪಕ್ಕದಲ್ಲಿ 2325 ಎಂದು ಒತ್ತಿದ್ದರೆ ಅದು 2025ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದು. ಗೀರುಗಳ ಆಳವು 1.6 ಮಿಲಿಮೀಟರಿಗಿಂತ ಕಡಿಮೆಯಾಗಲು ಕಾನೂನು ಬಿಡದು; ನಮ್ಮ ಮಳೆಗೆ 3 ಮಿಲಿಮೀಟರು ಉಳಿದಿರುವಾಗಲೇ ಬದಲಾಯಿಸುವುದು ಜಾಣತನ.

ಎರಡಕ್ಕೆ ಮಾತ್ರ ಹಣವೊದಗಿದರೇನು ಮಾಡಬೇಕು? ಎಂಜಿನು ಮುಂದಿರುವುದರಿಂದ ಹೊಸವು ಮುಂದಕ್ಕೇ ಬೇಕೆಂದು ನಾವೂ ಬಹುದಿನ ತಿಳಿದಿದ್ದೆವು. ಅದು ತಪ್ಪು. ಮುಂದಿನ ಗಾಲಿ ಜಾರಿದರೆ ವೇಗ ತಗ್ಗಿಸಿ ದಾರಿಗೆ ತರಬಹುದು. ಹಿಂದಿನದು ಜಾರಿದರೆ ಕಾರೇ ಗಿರಕಿ ಹೊಡೆಯುವುದು. ಹೊಸವೆರಡನ್ನೂ ಹಿಂದಕ್ಕೇ ಹಾಕಿಸಿರಿ. ಆದರೆ ಮುಂದೆ ಉಳಿಯುವ ಜೋಡಿಯೂ ಸವೆದುಹೋಗಿರಬಾರದು.

ಗಾಳಿಯನ್ನು ಮಾತ್ರ ಬೆಳಗ್ಗೆ, ಕಾರು ಓಡುವ ಮುನ್ನ, ತಿಂಗಳಿಗೊಮ್ಮೆಯಾದರೂ ಪರೀಕ್ಷಿಸಿರಿ. ಹೆಚ್ಚುವರಿ ಗಾಲಿಯನ್ನೂ ಮರೆಯದಿರಿ.